ಸೋಮವಾರ ಯಾಕೆ ಸಾಯಲಿಲ್ಲ?

ಎರಡನೇ ಏಟಿಗೆ ನನ್ನ ತಮ್ಮನ ಹಲ್ಲೊಂದು ಬಾಯಿಂದ ಹಾರಿ ಠಾಣೆಯ ನೆಲದ ಮೇಲೆ ಬಿತ್ತು.

ಅದು ಉರುಳಿ ಬಂದು ನನ್ನ ಚಪ್ಪಲಿಯ ಪಕ್ಕ ನಿಂತಿತು. ಬಗ್ಗಿ ಎತ್ತಿಕೊಂಡೆ. ಅವನಿಗೆ ಆರು ವರ್ಷವಿದ್ದಾಗ ಮೊದಲ ಹಾಲುಹಲ್ಲನ್ನು ದಾರ ಕಟ್ಟಿ ಕಿತ್ತವಳು ನಾನೇ. ಆಗಲೂ ಅವನು ಅತ್ತಿರಲಿಲ್ಲ, ಈಗಲೂ ಅಳಲಿಲ್ಲ.

"ಸಹಿ ಹಾಕು," ಎಂದ ಇನ್‌ಸ್ಪೆಕ್ಟರ್, ನೋಯುವ ಕೈಯನ್ನು ಒದರಿಕೊಳ್ಳುತ್ತ. "ಶನಿವಾರ ಬ್ರೇಕ್ ರಿಪೇರಿ ಮಾಡಿದವನು ನೀನು. ಮಂಗಳವಾರ ಸಂಜೆ ಕೊನೇದಾಗಿ ಗಾಡಿ ಮುಟ್ಟಿದವನೂ ನೀನು. ಬುಧವಾರ ಬೆಳಿಗ್ಗೆ ಡಾಕ್ಟರು ಬ್ರೇಕ್ ಹಿಡೀದೆ ಗುಡ್ಡದಿಂದ ಬಿದ್ದು ಸತ್ತರು. ಇನ್ನೇನು ಸಾಕ್ಷಿ ಬೇಕು?"

"ಕಾರಣ ಬೇಕು," ಎಂದೆ ನಾನು.

"ಅದೂ ಇದೆ ಮೇಡಮ್. ಹೋದ ವರ್ಷ ಇವನ ಹೆಂಡತಿ ಸತ್ತಿದ್ದು ಎಲ್ಲಿ? ಅದೇ ಡಾಕ್ಟರ ಆಸ್ಪತ್ರೆಯಲ್ಲಿ, ಅದೇ ಡಾಕ್ಟರ ಕಣ್ಣೆದುರಿಗೆ."

ಅದು ನಿಜ. ಜ್ವರ ಎಂದು ಹೋದವಳು ಮೂರನೇ ದಿನ ಹೆಣವಾಗಿ ಬಂದಳು. ಆಮೇಲೂ ನನ್ನ ತಮ್ಮ ಅದೇ ಡಾಕ್ಟರ ಕಾರನ್ನು ತೊಳೆದು, ಒರೆಸಿ, ರಿಪೇರಿ ಮಾಡಿ ಕೊಡುತ್ತಿದ್ದ. ಒಂದು ದಿನವೂ ಬೈದವನಲ್ಲ. ಇವನ ಮೈಯಲ್ಲಿ ರಕ್ತ ಇದೆಯೋ ಇಲ್ಲವೋ ಎಂದು ನನಗೇ ಸಿಟ್ಟು ಬರುತ್ತಿತ್ತು.

"ಇವನ ಫೋನ್ ಎಲ್ಲಿದೆ? ಗ್ಯಾರೇಜಲ್ಲಿ ಸಿಗಲಿಲ್ಲ," ಎಂದ ಇನ್‌ಸ್ಪೆಕ್ಟರ್.

"ನನಗೇನು ಗೊತ್ತು?"

ಫೋನು ನನ್ನ ಚೀಲದಲ್ಲೇ ಇತ್ತು. ನಿನ್ನೆ ಪೊಲೀಸರು ಇವನನ್ನು ಎಳೆದುಕೊಂಡು ಹೋದ ಮೇಲೆ ಗ್ಯಾರೇಜಿನ ಮೇಜಿನಿಂದ ತೆಗೆದಿಟ್ಟುಕೊಂಡಿದ್ದೆ. ಹಠಕ್ಕೆ, ಅಷ್ಟೇ. ಹೊಡೆಯುವ ಕೈಗೆ ಏನನ್ನೂ ಕೊಡುವ ಮನಸ್ಸಾಗಲಿಲ್ಲ.

"ಮೂರು ಗಂಟೆಗೆ ಇವನನ್ನ ಗುಡ್ಡಕ್ಕೆ ಕರ್ಕೊಂಡು ಹೋಗಿ ಮಹಜರು. ನಾಲ್ಕಕ್ಕೆ ಕೋರ್ಟು. ಅಷ್ಟರಲ್ಲಿ ಸಹಿ ಬೀಳದಿದ್ರೆ ಇನ್ನೂ ಇಪ್ಪತ್ತೇಳು ಹಲ್ಲಿದೆ."

ತಮ್ಮ ತಲೆಯೆತ್ತಿ ನನ್ನನ್ನು ನೋಡಿದ. ಬಾಯಲ್ಲಿ ತುಂಬಿದ್ದ ರಕ್ತವನ್ನು ನುಂಗಿ, ಒಂದೇ ಮಾತು ಹೇಳಿದ.

"ಅಕ್ಕ, ನಿನ್ನಾಣೆ. ಆ ಬ್ರೇಕ್ ನಾನು ಕೆಡಿಸಿಲ್ಲ."

ನನ್ನಾಣೆ ಹಾಕಿ ಅವನು ಸುಳ್ಳು ಹೇಳಿದ್ದು ಹುಟ್ಟಿದಾರಭ್ಯ ಇಲ್ಲ. ಗಡಿಯಾರ ನೋಡಿದೆ. ಹನ್ನೊಂದು ಗಂಟೆ.

ಠಾಣೆಯ ಹಿತ್ತಿಲಲ್ಲಿ ಡಾಕ್ಟರ ಕಾರು ಟಾರ್ಪಾಲಿನ ಕೆಳಗೆ ಬಿದ್ದಿತ್ತು. ಕಾನ್ಸ್‌ಟೇಬಲ್ ಟಾರ್ಪಾಲು ಎತ್ತಿ, ಮೂಗು ಮುಚ್ಚಿಕೊಂಡು ಪಕ್ಕಕ್ಕೆ ಸರಿದ. ಮುಂಭಾಗ ಜಜ್ಜಿ, ಸ್ಟೀರಿಂಗು ಸೀಟಿನವರೆಗೆ ಬಂದುಬಿಟ್ಟಿತ್ತು. ಏಳನೇ ತಿರುವಿನ ತಡೆಗೋಡೆಗೆ ಬಡಿದು, ಗೋಡೆ ಒಡೆದು, ಕೆಳಗಿನ ರಸ್ತೆಗೆ ತಲೆಕೆಳಗಾಗಿ ಬಿದ್ದ ಕಾರು. ಸ್ಟೀರಿಂಗಿನ ಕಂಬ ಡಾಕ್ಟರ ಎದೆಯನ್ನು ಹೊಕ್ಕಿತ್ತಂತೆ. ಸೀಟಿನ ಬಟ್ಟೆ ಒಣಗಿದ ರಕ್ತದಿಂದ ರಟ್ಟಿನ ಹಾಗೆ ಗಟ್ಟಿಯಾಗಿತ್ತು, ಅದರ ಸಂದಿಯಲ್ಲಿ ಕನ್ನಡಕದ ಅರ್ಧ ಹಾಗೇ ಇತ್ತು.

ಇಪ್ಪತ್ತೆರಡು ವರ್ಷ ನಾನು ವಾಹನ ತಪಾಸಣೆ ಕಚೇರಿಯಲ್ಲಿ ಬ್ರೇಕ್ ನೋಡುವ ಕೆಲಸದಲ್ಲಿದ್ದೆ. ಬ್ರೇಕಿಲ್ಲದ ಲಾರಿಯೊಂದು ಹಿಂದಕ್ಕೆ ಉರುಳಿ ನನ್ನ ಎಡಪಾದದ ಮೇಲೆ ಹತ್ತಿದ ದಿನ ಆ ಕೆಲಸ ಮುಗಿಯಿತು. ಕುಂಟು ಕಾಲು ಉಳಿಯಿತು, ಬ್ರೇಕಿನ ಮೇಲಿನ ಸಿಟ್ಟು ಉಳಿಯಿತು. ಈಗ ಜನ ಕರೆದಲ್ಲಿ ಹೋಗಿ ಅಪಘಾತದ ನಿಜ ಹುಡುಕಿ ಕೊಡುತ್ತೇನೆ. ಈ ಸಲ ಯಾರೂ ಕರೆದಿರಲಿಲ್ಲ.

ನೆಲಕ್ಕೆ ಮಲಗಿ ಚಕ್ರದ ಒಳಗೆ ಟಾರ್ಚು ಬಿಟ್ಟೆ.

ಚಕ್ರದ ಜೊತೆ ತಿರುಗುವ ಬ್ರೇಕಿನ ತಟ್ಟೆಯ ಮೇಲೆ ಕೆಂಪಗೆ ತುಕ್ಕು ಕೂತಿತ್ತು. ಅಷ್ಟು ಇಳಿಜಾರಿನಲ್ಲಿ ಜೀವ ಉಳಿಸಿಕೊಳ್ಳಲು ಒದ್ದಾಡಿದವನು ಪೆಡಲನ್ನು ಮುರಿಯುವಷ್ಟು ಒತ್ತಿರುತ್ತಾನೆ. ಬ್ರೇಕು ಹಿಡಿದಿದ್ದರೆ ತುಕ್ಕು ಉಜ್ಜಿಹೋಗಿ ತಟ್ಟೆ ಕನ್ನಡಿಯಾಗಬೇಕಿತ್ತು. ಒಂದು ಸಲವೂ ಹಿಡಿದಿರಲಿಲ್ಲ.

ಆದರೆ ಬ್ರೇಕ್ ಆಯಿಲ್ ಡಬ್ಬಿ ಒಡೆಯದೆ ಉಳಿದಿತ್ತು, ಅದರ ತುಂಬ ಆಯಿಲ್ ಇತ್ತು. ಸೋರಿಲ್ಲ. ಪೈಪೂ ಕತ್ತರಿಸಿಲ್ಲ. ಪೆಡಲನ್ನು ಕೈಯಿಂದ ಒತ್ತಿದೆ. ಹಿಟ್ಟಿನ ಮುದ್ದೆಯೊಳಗೆ ಬೆರಳು ಇಳಿದ ಹಾಗೆ ಕೊನೆವರೆಗೂ ಇಳಿಯಿತು.

ಪೈಪಿನೊಳಗೆ ಗಾಳಿ. ಆಯಿಲನ್ನು ಒತ್ತಿದರೆ ಅದು ಮುಂದಕ್ಕೆ ತಳ್ಳುತ್ತದೆ, ಗಾಳಿಯನ್ನು ಒತ್ತಿದರೆ ಅದು ತಾನೇ ಕುಗ್ಗಿ ಕೂರುತ್ತದೆ. ಬೇಕೆಂದೇ ಯಾರೋ ನಾಲ್ಕೂ ಚಕ್ರದ ಹತ್ತಿರ ಗಾಳಿ ತೆಗೆಯುವ ನಿಪ್ಪಲ್ ಸಡಿಲಿಸಿ, ಒಳಕ್ಕೆ ಗಾಳಿ ತುಂಬಿ, ಮತ್ತೆ ಬಿಗಿ ಮಾಡಿದ್ದಾರೆ. ಆ ನಿಪ್ಪಲ್‌ಗಳ ಬಾಯಿಗೆ ಧೂಳು ಹೋಗದಂತೆ ಚಿಕ್ಕ ಕಪ್ಪು ಟೊಪ್ಪಿಗೆ ಇರುತ್ತದೆ. ಮೂರು ಚಕ್ರದಲ್ಲಿ ಅದೇ ಇತ್ತು.

ನಾಲ್ಕನೆಯದರಲ್ಲಿ ಇರಲಿಲ್ಲ. ಅದರ ಬದಲು ಬೂದು ಬಣ್ಣದ ರಬ್ಬರ್ ಬಿರಡೆಯೊಂದನ್ನು ಕೊರೆದು, ನೀಟಾಗಿ ಸಿಕ್ಕಿಸಿದ್ದರು. ಕಿತ್ತು ಬೆಳಕಿಗೆ ಹಿಡಿದೆ. ನಡುವೆ ಸೂಜಿ ಚುಚ್ಚಿದ ಐದಾರು ತೂತು.

ಇಂಜೆಕ್ಷನ್ ಬಾಟಲಿಯ ಬಿರಡೆ!

ನನಗೆ ನಗು ಬಂತು, ಆ ರಕ್ತದ ವಾಸನೆಯ ನಡುವೆಯೂ. ಮೆಕ್ಯಾನಿಕ್ ಆಗಿದ್ದರೆ ಟೊಪ್ಪಿಗೆ ಕಳೆದರೆ ಕಳೆಯಿತು ಅಂತ ಬಿಟ್ಟು ಹೋಗುತ್ತಾನೆ. ಇವನು ಬಾಯಿ ತೆರೆದ ಯಾವುದನ್ನೂ ಮುಚ್ಚದೆ ಬಿಡಲಾರದ ಮನುಷ್ಯ. ಬಾಟಲಿ, ಸಿರಿಂಜು, ಡ್ರಿಪ್ಪಿನ ಕೊಳವೆ, ಎಲ್ಲಕ್ಕೂ ಮುಚ್ಚಳ ಹಾಕಿ ಹಾಕಿ ಕೈಗೆ ರೂಢಿ. ಕೊಳವೆಯೊಳಗೆ ಗಾಳಿ ಹೋದರೆ ಏನಾಗುತ್ತದೆ ಎಂದು ಅವನಿಗಿಂತ ಚೆನ್ನಾಗಿ ಗೊತ್ತಿರುವವರು ಯಾರು?

ಗುಡ್ಡದ ತುದಿಯಲ್ಲಿ ಆಸ್ಪತ್ರೆ, ಅದರ ಬೆನ್ನಿಗೆ ಡಾಕ್ಟರ ಮನೆ, ಎರಡಕ್ಕೂ ನಡುವೆ ಕಾರು ನಿಲ್ಲಿಸುವ ಶೆಡ್ಡು. ಬಾಡಿಗೆ ಆಟೋದಲ್ಲಿ ಹನ್ನೊಂದು ತಿರುವು ಹತ್ತಿ ಹೋಗುವಷ್ಟರಲ್ಲಿ ಹನ್ನೆರಡೂವರೆ.

ಶೆಡ್ಡಿನ ಗೋಡೆಯಲ್ಲಿ ಚಾರ್ಜಿಂಗ್ ಪೆಟ್ಟಿಗೆ. ಅದರ ಚಿಕ್ಕ ಪರದೆಯ ಮೇಲೆ ಡಾಕ್ಟರ ಕಾರಿನ ಕೊನೆಯ ಚಾರ್ಜು ಇನ್ನೂ ಹಾಗೇ ನಿಂತಿತ್ತು. ಬುಧವಾರ, ಬೆಳಿಗ್ಗೆ ಏಳೂ ಹತ್ತು. ಬ್ಯಾಟರಿ ನೂರಕ್ಕೆ ನೂರು.

ಆ ನೂರರ ಮೇಲೆ ಬೆರಳಿಟ್ಟು ಡಾಕ್ಟರ ಹೆಂಡತಿಯನ್ನು ಕರೆದು ಕೇಳಿದೆ.

"ಯಾವಾಗಲೂ ಎಂಬತ್ತಕ್ಕೇ ನಿಲ್ತಿತ್ತು," ಎಂದರು ಡಾಕ್ಟರ ಹೆಂಡತಿ. ಎರಡು ದಿನದಿಂದ ನಿದ್ದೆಯಿಲ್ಲದ ಮುಖ. "ನಿಮ್ಮ ತಮ್ಮನೇ ಹಾಗೆ ಮಾಡಿಕೊಟ್ಟಿದ್ದ. ಇಳಿಯೋಕೆ ಜಾಗ ಬಿಡಬೇಕು ಅಂತಿದ್ದ. ನಮಗೆ ಅದೆಲ್ಲ ಏನು ಅರ್ಥ ಆಗುತ್ತೆ, ಹೂಂ ಅಂದ್ವಿ."

"ನಿಮ್ಮ ಯಜಮಾನರು ಇಳೀವಾಗ ಬ್ರೇಕ್ ಒತ್ತುತ್ತಿದ್ದರಾ?"

"ಇಲ್ಲಮ್ಮ. ಒಂದೇ ಕಾಲಲ್ಲಿ ಓಡಿಸ್ತೀನಿ ನೋಡು ಅಂತ ಬಂದೋರಿಗೆಲ್ಲ ತೋರಿಸೋರು."

ಅಲ್ಲಿಗೆ ಇಡೀ ಕೊಲೆ ನನ್ನ ಕಣ್ಣಮುಂದೆ ಬಂತು.

ಸೈಕಲ್ಲಿಗೆ ಡೈನಮೊ ಹಚ್ಚಿ ತುಳಿದವರಿಗೆ ಇದು ಗೊತ್ತು. ಡೈನಮೊ ಟೈರಿಗೆ ತಾಗಿದ ಕೂಡಲೆ ದೀಪ ಹತ್ತುತ್ತದೆ, ಪೆಡಲು ಭಾರವಾಗುತ್ತದೆ. ಎಲೆಕ್ಟ್ರಿಕ್ ಕಾರಿನಲ್ಲೂ ಅದೇ ಕಥೆ. ಆಕ್ಸಿಲರೇಟರ್ ಒತ್ತಿದಾಗ ಮೋಟರು ಚಕ್ರವನ್ನು ತಿರುಗಿಸುತ್ತದೆ. ಕಾಲು ತೆಗೆದರೆ ಚಕ್ರವೇ ಮೋಟರನ್ನು ತಿರುಗಿಸುತ್ತದೆ, ಮೋಟರು ಡೈನಮೊ ಆಗುತ್ತದೆ. ಹುಟ್ಟಿದ ಕರೆಂಟು ಬ್ಯಾಟರಿಗೆ ಹೋಗುತ್ತದೆ, ಆ ಭಾರಕ್ಕೆ ಕಾರು ತಾನಾಗಿ ನಿಧಾನವಾಗುತ್ತದೆ. ಇಳಿಜಾರಿನಲ್ಲಂತೂ ಬ್ರೇಕ್ ಪೆಡಲ್ ಮುಟ್ಟುವ ಕೆಲಸವೇ ಇಲ್ಲ. ಅದಕ್ಕೇ ಆ ತುಕ್ಕು.

ಆದರೆ ಕರೆಂಟು ಹೋಗಲು ಬ್ಯಾಟರಿಯಲ್ಲಿ ಜಾಗ ಬೇಕು. ಕಂಠಪೂರ್ತಿ ಉಂಡವನಿಗೆ ಇನ್ನೊಂದು ತುತ್ತು ತುರುಕಲಾಗದು. ನೂರು ತುಂಬಿದ ಬ್ಯಾಟರಿ ಕರೆಂಟು ಬೇಡ ಅನ್ನುತ್ತದೆ, ಮೋಟರು ಹಿಡಿತ ಬಿಡುತ್ತದೆ. ಕಾಲು ತೆಗೆದರೂ ಕಾರು ಓಡುತ್ತಲೇ ಇರುತ್ತದೆ.

ಅಂದರೆ ಬ್ರೇಕು ಕೆಟ್ಟದ್ದು ಬುಧವಾರವೇ ಆಗಬೇಕಿಲ್ಲ. ಮೊದಲೇ ಕೆಟ್ಟಿರಬಹುದು. ಡಾಕ್ಟರು ಬ್ರೇಕಿಲ್ಲದ ಕಾರಿನಲ್ಲೇ ಗುಡ್ಡ ಇಳಿದು ಹತ್ತಿರಬಹುದು, ಮೋಟರು ಅವರನ್ನು ಹುಷಾರಾಗಿ ಕೆಳಗಿಳಿಸಿರಬಹುದು. ಕೊಂದದ್ದು ಗಾಳಿಯೊಂದೇ ಅಲ್ಲ. ಗಾಳಿ ಮತ್ತು ನೂರು, ಎರಡೂ ಸೇರಿ.

ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಡುತ್ತಿದ್ದ ಕಂಪೌಂಡರು ಊಟ ಮುಗಿಸಿ ಔಷಧದ ಕೋಣೆಗೆ ಬಂದಾಗ ಎರಡು ಗಂಟೆ ದಾಟಿತ್ತು. ಐವತ್ತರ ಆಸುಪಾಸು, ಇಸ್ತ್ರಿ ಮಾಡಿದ ಬಿಳಿ ಕೋಟು, ಬೆರಳಿನ ಉಗುರುಗಳು ಮಕ್ಕಳ ಉಗುರಿನ ಹಾಗೆ ಶುಭ್ರ. ಕಪಾಟಿನಲ್ಲಿ ಬಾಟಲಿಗಳು ಎತ್ತರದ ಪ್ರಕಾರ ಸಾಲಾಗಿ ನಿಂತಿದ್ದವು. ನಾನು ಬಿರಡೆಯನ್ನು ಅವನ ಮೇಜಿನ ಮೇಲಿಟ್ಟೆ.

"ಇದು ಯಾವ ಔಷಧದ್ದು ಅಂತ ಠಾಣೆಗೆ ಬಂದು ಗುರುತಿಸಬೇಕು."

ಅವನು ಬಿರಡೆಯನ್ನು ನೋಡಿದ. ಮೇಜಿನ ಮೇಲೆ ಮುಚ್ಚಳವಿಲ್ಲದೆ ಬಿದ್ದಿದ್ದ ಪೆನ್ನಿಗೆ ಮುಚ್ಚಳ ಹಾಕಿದ. ಆಮೇಲೆ ನಕ್ಕ.

"ಅದಕ್ಕೇನಂತೆ ಮೇಡಮ್, ಬರ್ತೀನಿ. ಅಮ್ಮಾವ್ರ ಕಾರಿದೆ, ನೀವೇ ಓಡಿಸಿ. ನನಗೆ ಬೈಕ್ ಬಿಟ್ರೆ ಬೇರೆ ಗಾಡಿ ಬರಲ್ಲ."

ಡಾಕ್ಟರ ಹೆಂಡತಿಯದೂ ಅದೇ ಕಂಪನಿಯ, ಅದೇ ಬಗೆಯ ಕಾರು. ಕೀಲಿ ಕೊಟ್ಟರು. ಹೊರಡುವ ಮುಂಚೆ ನಾನು ಬ್ರೇಕ್ ಪೆಡಲನ್ನು ಮೂರು ಸಲ ಒತ್ತಿ ನೋಡಿದೆ. ಗಟ್ಟಿಯಾಗಿತ್ತು. ಪರದೆಯಲ್ಲಿ ಬ್ಯಾಟರಿ ಅರವತ್ತೊಂದು. ಸೀರೆಯ ಮೇಲೆ ಹಾಕಿದ್ದ ಜಾಕೆಟಿನ ಜೇಬಿನಲ್ಲಿ ನನ್ನ ಫೋನು ಮಾತು ರೆಕಾರ್ಡ್ ಮಾಡಿಕೊಳ್ಳುತ್ತಿತ್ತು.

ಕಂಪೌಂಡರು ಬೆಲ್ಟಿನ ಕೊಂಡಿಯನ್ನು ಬೆನ್ನ ಹಿಂದೆ ಸಿಕ್ಕಿಸಿ ಕೂತ. ಬೆಲ್ಟ್ ಹಾಕಿದ್ದಾನೆಂದು ಕಾರು ನಂಬಿ ಸುಮ್ಮನಾಯಿತು. ಹೇಳೋಣ ಅಂದುಕೊಂಡೆ, ಯಾಕೋ ಹೇಳಲಿಲ್ಲ.

ಎರಡನೇ ತಿರುವು ದಾಟಿದ ಮೇಲೆ ಕತ್ತಿಗೆ ಏನೋ ತಣ್ಣಗೆ ತಾಗಿತು.

"ಆಪರೇಶನ್ ಬ್ಲೇಡು," ಎಂದ ಅವನು, ರೋಗಿಗೆ ಮಾತ್ರೆ ಕೊಡುವ ದನಿಯಲ್ಲಿ. "ಈ ನರ ಕತ್ತರಿಸಿದ್ರೆ ಎರಡು ನಿಮಿಷ. ಐದನೇ ತಿರುವಾದ್ಮೇಲೆ ಎಡಕ್ಕೆ ಹಳೇ ಕಲ್ಲುಕ್ವಾರಿ ದಾರಿ ಇದೆ. ಅಲ್ಲಿಗೆ ತಿರುಗಿಸು. ನಿಧಾನ ಮಾಡ್ಬೇಡ. ಬ್ರೇಕ್ ಮೇಲೆ ಕಾಲಿಟ್ಟೆ ಅಂದ್ರೆ ಕೊಯ್ದುಬಿಡ್ತೀನಿ."

ಮೇಡಮ್ ಹೋಗಿ ಏಕವಚನ ಬಂದಿತ್ತು. ಬ್ಲೇಡಿನ ತುದಿ ಚರ್ಮದೊಳಗೆ ಇಳಿದು ಬಿಸಿ ರಕ್ತ ಕಾಲರಿನೊಳಗೆ ಇಳಿಯಿತು. ಹೆದರಿಕೆಯಾಯಿತು. ಹೆದರಿಕೆಗಿಂತ ಹೆಚ್ಚಾಗಿ, ನಾಲ್ಕು ಗಂಟೆಗೆ ತಮ್ಮ ಸಹಿ ಹಾಕಿಬಿಡುತ್ತಾನೆ ಎನ್ನುವುದೇ ತಲೆಯಲ್ಲಿ ಕುಟ್ಟುತ್ತಿತ್ತು. ಇವನ ಬಾಯಿ ಬಿಡಿಸದೆ ನಾನು ಸಾಯುವ ಹಾಗಿರಲಿಲ್ಲ.

"ಡಾಕ್ಟರು ನಿನಗೇನು ಮಾಡಿದ್ದರು?"

"ನನ್ನನ್ನ ಜೈಲಿಗೆ ಕಳಿಸ್ತಿದ್ದರು. ಇಂಜೆಕ್ಷನ್‌ಗೆ ನೀರು ಬೆರೆಸ್ತೀನಿ ಅಂತ ಹಿಡಿದುಬಿಟ್ರು. ಹೋದ ವರ್ಷ ಸತ್ತಳಲ್ಲ, ನಿನ್ನ ತಮ್ಮನ ಹೆಂಡತಿ? ಅವಳಿಗೆ ಹೋಗಿದ್ದು ಬರೀ ನೀರು. ಒಂದು ವರ್ಷ ಹುಡುಕಿ ಹುಡುಕಿ ಕಂಡುಹಿಡಿದರು ಪುಣ್ಯಾತ್ಮ. ಈ ವಾರ ನಿನ್ನ ತಮ್ಮನ ಮನೆಗೇ ಹೋಗಿ, ಕಾಲಿಗೆ ಬಿದ್ದು ಹೇಳ್ತೀನಿ ಅಂತಿದ್ದರು."

ಒಂದು ವರ್ಷ ಆ ಡಾಕ್ಟರನ್ನು ನಾನು ಮನಸ್ಸಿನಲ್ಲೇ ಶಪಿಸಿದ್ದೆ. ಅವಳನ್ನು ಕೊಂದವನು ಈಗ ನನ್ನ ಕತ್ತಿಗೆ ಬ್ಲೇಡು ಹಿಡಿದು ಪಕ್ಕದಲ್ಲೇ ಕೂತಿದ್ದ.

"ಅದಕ್ಕೆ ಬ್ರೇಕಿನೊಳಗೆ ಗಾಳಿ ತುಂಬಿದೆ."

"ಭಾನುವಾರ ಮಧ್ಯಾಹ್ನ. ಎಲ್ರೂ ಊಟಕ್ಕೆ ಹೋಗಿದ್ರು. ದೊಡ್ಡ ಸಿರಿಂಜಲ್ಲಿ, ನಾಲ್ಕೂ ಚಕ್ರಕ್ಕೆ." ಅವನ ಉಸಿರು ನನ್ನ ಕಿವಿಗೆ ಬಡಿಯಿತು. "ಒಂದು ಮಾತು ಹೇಳು. ನೀನು ಬ್ರೇಕ್ ತಿಳಿದವಳು. ಸೋಮವಾರ ಬೆಳಿಗ್ಗೆ ನಾನು ಕಿಟಕಿಯಲ್ಲಿ ನಿಂತು ಕಾದೆ. ಆರಾಮಾಗಿ ಇಳಿದು ಹೋದ, ಸಂಜೆ ವಾಪಸ್ ಬಂದ. ಮಂಗಳವಾರಾನೂ ಹಾಗೇ. ನನಗೆ ಹುಚ್ಚು ಹಿಡಿಯೋದೊಂದು ಬಾಕಿ. ಬ್ರೇಕಿಲ್ಲದ ಗಾಡಿ ಕಣೇ! ಸೋಮವಾರ ಯಾಕೆ ಸಾಯಲಿಲ್ಲ?"

ಕೊಲೆಗಾರನ ದನಿಯಲ್ಲಿ ನಿಜವಾದ ಸಂಕಟವಿತ್ತು. ಲೆಕ್ಕ ತಪ್ಪಿದ ವಿದ್ಯಾರ್ಥಿ ಮೇಷ್ಟರನ್ನು ಕೇಳುವ ಹಾಗೆ ಕೇಳುತ್ತಿದ್ದ. ಅವನ ಕಣ್ಣು ಮಾತ್ರ ನನ್ನ ಬಲಗಾಲಿನ ಮೇಲೆ, ಬ್ರೇಕ್ ಪೆಡಲಿನ ಹತ್ತಿರ ಹೋಗುತ್ತದೋ ಎಂದು ನೆಟ್ಟಿತ್ತು.

ಇವನಿಗೆ ಗೊತ್ತಿಲ್ಲ, ಅಂದುಕೊಂಡೆ.

"ಹೇಳಿದ್ರೆ ಅರ್ಥ ಆಗಲ್ಲ. ತೋರಿಸ್ತೀನಿ," ಎಂದೆ.

ಮೂರನೇ ತಿರುವಿನ ಆಚೆ ಉದ್ದನೆಯ ನೇರ ಇಳಿಜಾರು. ಆಕ್ಸಿಲರೇಟರನ್ನು ಪೂರ್ತಿ ಒತ್ತಿದೆ. ಕಾರು ಬಾಣದಂತೆ ನುಗ್ಗಿತು, ಅವನು ಸೀಟಿಗೆ ಅಂಟಿದ. "ಹಾಂ, ಹಾಗೆ," ಎನ್ನುತ್ತ ಸಮತೋಲಕ್ಕೆ ಮುಂದಕ್ಕೆ ಬಾಗಿದ.

ಆಗ ಕಾಲನ್ನು ಒಮ್ಮೆಲೆ ಮೇಲೆತ್ತಿದೆ. ಬ್ರೇಕನ್ನು ಮುಟ್ಟಲಿಲ್ಲ.

ಬ್ಯಾಟರಿಯಲ್ಲಿ ಮೂವತ್ತೊಂಬತ್ತು ಪಾಲು ಜಾಗವಿತ್ತು. ಮೋಟರು ಚಕ್ರಗಳನ್ನು ಹಿಂದಿನಿಂದ ಯಾರೋ ಜಗ್ಗಿದಂತೆ ಜಗ್ಗಿತು. ಕಂಪೌಂಡರು ಮುಂದಕ್ಕೆ ಮುಗ್ಗರಿಸಿದ, ಬ್ಲೇಡು ನನ್ನ ಕತ್ತಿನಿಂದ ದವಡೆಯವರೆಗೆ ಗೀರಿ ಆಚೆ ಹೋಯಿತು. ಆಗ ಒತ್ತಿದೆ ನೋಡಿ, ಆ ಬ್ರೇಕನ್ನು, ಕುಂಟಿಯ ಸರ್ವ ಸಿಟ್ಟನ್ನೂ ಆ ಒಂದು ಕಾಲಿಗೆ ಹಾಕಿ!

ಅವನ ಹಣೆ ಗಾಜಿಗೆ ಬಡಿದ ಸದ್ದು ತೆಂಗಿನಕಾಯಿ ಒಡೆದ ಸದ್ದಿನಂತಿತ್ತು. ಗಾಜು ಜೇಡರ ಬಲೆಯ ಹಾಗೆ ಬಿರುಕು ಬಿಟ್ಟಿತು. ಕಾರು ಅಡ್ಡಡ್ಡ ಜಾರಿ ರಸ್ತೆಯಂಚಿನ ಕಲ್ಲಿಗೆ ಒರಗಿ ನಿಂತಿತು.

ಆದರೂ ಅವನು ಬ್ಲೇಡು ಬಿಟ್ಟಿರಲಿಲ್ಲ. ಮುಖದ ತುಂಬ ರಕ್ತ, ಕಣ್ಣು ಕಾಣದೆ ಕೈ ಬೀಸಿದ. ನನ್ನ ಮುಂಗೈ ಸೀಳಿತು. ಬೆಲ್ಟ್ ಬಿಚ್ಚಿ, ಬಾಗಿಲು ತೆಗೆದು ಹೊರಗೆ ಬಿದ್ದೆ. ಅವನು ಸೀಟಿನ ಮೇಲೆ ತೆವಳಿ ಬಂದು ನನ್ನ ಕುಂಟು ಕಾಲಿನ ಪಾದವನ್ನು ಹಿಡಿದು ಎಳೆದ, ಇನ್ನೊಂದು ಕೈ ಬ್ಲೇಡಿನೊಡನೆ ಬಾಗಿಲಿನಾಚೆ ಚಾಚಿತು. ನಾನು ಬಲಗಾಲಿನಿಂದ ಬಾಗಿಲನ್ನು ಒದ್ದೆ. ಬಾಗಿಲು ಅವನ ಮಣಿಕಟ್ಟಿನ ಮೇಲೆ ಮುಚ್ಚಿಕೊಂಡಿತು. ಕಟಕ್ ಎಂದಿತು. ಇನ್ನೊಮ್ಮೆ ಒದ್ದೆ. ಬ್ಲೇಡು ಡಾಂಬರಿನ ಮೇಲೆ ಬಿತ್ತು. ಮೂರನೇ ಸಲ ಒದೆಯುವ ಅಗತ್ಯವಿರಲಿಲ್ಲ. ಒದ್ದೆ, ನನ್ನ ತಮ್ಮನ ಹೆಂಡತಿಯ ಹೆಸರು ಹೇಳಿ.

ಅವನ ಬಿಳಿ ಕೋಟನ್ನೇ ಹರಿದು ಕೈಕಾಲು ಕಟ್ಟಿ, ಕಾರಿನ ಚಕ್ರಕ್ಕೆ ಒರಗಿಸಿದೆ. ಕತ್ತಿಗೆ ಕರ್ಚೀಫು ಒತ್ತಿಕೊಂಡು ಎದುರಿಗೆ ಕುಕ್ಕರಿಸಿದೆ. ನನಗೆ ಏದುಸಿರು. ಗಂಟೆ ಮೂರಾಗುತ್ತ ಬಂದಿತ್ತು. ಪೊಲೀಸ್ ಜೀಪು ಮಹಜರಿಗೆ ಇದೇ ದಾರಿಯಲ್ಲಿ ಬರಬೇಕು. ಗೆದ್ದೆ ಅನ್ನಿಸಿತು. ತಮ್ಮನ ಹಲ್ಲು ಇನ್ನೂ ಜೇಬಿನಲ್ಲಿತ್ತು, ಮುಟ್ಟಿ ನೋಡಿಕೊಂಡೆ.

"ಸೋಮವಾರ ಯಾಕೆ ಸಾಯಲಿಲ್ಲ ಅಂತ ಈಗ ಗೊತ್ತಾಯ್ತಾ?" ಎಂದೆ. "ಈ ಕಾರನ್ನ ಮೋಟರೇ ನಿಲ್ಲಿಸುತ್ತೆ. ಅದರ ಹಿಡಿತ ತಪ್ಪಿಸೋಕೆ ಬ್ಯಾಟರಿ ನೂರು ತುಂಬಬೇಕು. ಗೊತ್ತಿದ್ದೋ ಗೊತ್ತಿಲ್ಲದೆಯೋ ಬುಧವಾರ ನೀನದನ್ನ ತುಂಬಿಸಿದ್ದೆ, ಸತ್ತರು. ಅದನ್ನೂ ಬಾಯಿ ಬಿಟ್ಟು ಹೇಳು."

ಅವನ ಹಣೆಯ ರಕ್ತ ಕಣ್ಣಿಗೆ ಇಳಿಯುತ್ತಿತ್ತು.

"ಯಾವ ನೂರು?"

"ನಾಟಕ ಬೇಡ."

"ಯಾವ ನೂರು ಕಣೇ? ಆ ಪೆಟ್ಟಿಗೆ ಹತ್ರ ನಾನು ಹೋಗೇ ಇಲ್ಲ. ನನಗೆ ಅದು ಹಾಕೋಕೂ ಬರಲ್ಲ, ತೆಗೆಯೋಕೂ ಬರಲ್ಲ."

ನನಗೆ ಬೇಡವಾದ ನಿಜ ಅದು. ನೂರರ ಗುಟ್ಟು ಗೊತ್ತಿದ್ದವನು ಬ್ಲೇಡು ಹಿಡಿದು ನನ್ನ ಬ್ರೇಕ್ ಪೆಡಲನ್ನು ಕಾಯುತ್ತಿರಲಿಲ್ಲ. ಅಂಥವನು ಆಕ್ಸಿಲರೇಟರಿನಿಂದ ನಾನು ಕಾಲೆತ್ತುತ್ತೇನೋ ಎಂದು ನೋಡುತ್ತಿರುತ್ತಿದ್ದ. ನಾನು ಬದುಕಿದ್ದೇ ಅವನಿಗೆ ಅದು ಗೊತ್ತಿಲ್ಲದ್ದರಿಂದ.

ಅವನ ಮುಖದಲ್ಲಿ ನಿಧಾನವಾಗಿ ಏನೋ ಬೆಳಕಾಯಿತು. ಆಮೇಲೆ ನಗತೊಡಗಿದ. ಮುರಿದ ಕೈ ಕುಲುಕಿ ನೋವಿಗೆ ನರಳಿದ, ಆದರೂ ನಕ್ಕ.

"ಅಯ್ಯೋ ಅವನಾ! ಅದಕ್ಕೇನಾ ಅಷ್ಟು ಹೊತ್ತು ಕೂತಿದ್ದ!"

"ಯಾರು?"

"ಮಂಗಳವಾರ ಸಂಜೆ ಡಾಕ್ಟರೇ ನಿನ್ನ ತಮ್ಮನನ್ನ ಕರೆಸಿದ್ದು. ಪೆಡಲ್ ಯಾಕೋ ಮೆತ್ತಗಾಗಿದೆ ನೋಡಪ್ಪ ಅಂತ. ನಾನು ಕಿಟಕಿ ಹತ್ರ ನಿಂತಿದ್ದೆ, ನನ್ನ ಕಥೆ ಮುಗೀತು ಅಂದ್ಕೊಂಡೆ. ಅವನು ಸೀಟಲ್ಲಿ ಕೂತು ಪೆಡಲ್ ಒತ್ತಿದ, ನೆಲಕ್ಕೆ ಹೋಯ್ತು. ಇನ್ನೊಂದ್ಸಲ ಒತ್ತಿದ. ಆಮೇಲೆ ಸ್ಟೀರಿಂಗ್ ಹಿಡ್ಕೊಂಡು ಸುಮ್ನೆ ಕೂತ, ಹತ್ತು ನಿಮಿಷ. ಇಳಿದು ಬಂದು ಡಾಕ್ಟರಿಗೆ ಏನಂದ ಗೊತ್ತಾ?"

ನನ್ನ ತಮ್ಮನ ದನಿಯನ್ನು ಅಣಕಿಸುತ್ತ ಅವನು ಹೇಳಿದ.

"ಏನೂ ಆಗಿಲ್ಲ ಡಾಕ್ಟ್ರೇ, ಈ ಗಾಡಿಗಳೇ ಹೀಗೆ, ಧೈರ್ಯವಾಗಿ ಓಡಿಸಿ."

"ಸುಳ್ಳು!"

"ಡಾಕ್ಟರ್ ಹೆಂಡ್ತೀನ ಕೇಳು. ಕಾಫಿ ತಂದು ಕೊಟ್ಟಿದ್ದು ಅವ್ರೇ."

ಚೀಲದಿಂದ ತಮ್ಮನ ಫೋನು ತೆಗೆದೆ. ಸೀಳಿದ ಕೈಯ ರಕ್ತ ಪರದೆಗೆಲ್ಲ ಮೆತ್ತಿತು, ಸೀರೆಯಂಚಿನಿಂದ ಒರೆಸಿದೆ. ಬೀಗದ ನಾಲ್ಕು ಅಂಕಿ ನನಗೆ ಗೊತ್ತಿತ್ತು, ಅವನ ಮದುವೆಯ ತಾರೀಖು. ಡಾಕ್ಟರಿಗೆ ಸೆಟ್ಟಿಂಗು ಗಿಟ್ಟಿಂಗು ತಿಳಿಯದೆಂದು ಕಾರಿನ ಆ್ಯಪನ್ನು ಇವನ ಫೋನಿಗೂ ಹಾಕಿಕೊಟ್ಟಿದ್ದರು. ಮಾಡಿದ ಬದಲಾವಣೆಗಳ ಪಟ್ಟಿ ಅದರಲ್ಲಿ ಸಾಲಾಗಿ ಇತ್ತು. ಮೇಲಿನ ಸಾಲು ಓದಿದೆ.

ಬುಧವಾರ, ಬೆಳಿಗ್ಗೆ ಐದೂ ನಲವತ್ತು. ಚಾರ್ಜಿನ ಮಿತಿ: ಎಂಬತ್ತರಿಂದ ನೂರಕ್ಕೆ.

ಆ ಬ್ರೇಕ್ ನಾನು ಕೆಡಿಸಿಲ್ಲ, ಅಂದಿದ್ದ. ನನ್ನಾಣೆ ಹಾಕಿ. ಸುಳ್ಳು ಹೇಳಿರಲಿಲ್ಲ ನನ್ನ ತಮ್ಮ.

ಕಾಲಿಗೆ ಬಿದ್ದು ನಿಜ ಹೇಳಲು ಬರಬೇಕಿದ್ದ ಮನುಷ್ಯನನ್ನು ಇವನು, ಬ್ರೇಕಿಲ್ಲವೆಂದು ಗೊತ್ತಿದ್ದೂ ಬ್ಯಾಟರಿ ತುಂಬಿಸಿ, ಗುಡ್ಡದಿಂದ ಇಳಿಸಿ ಕಳಿಸಿದ್ದ. ತನ್ನ ಹೆಂಡತಿಯನ್ನು ಕೊಂದವನು ಮಂಗಳವಾರ ಕಿಟಕಿಯಲ್ಲಿ ನಿಂತು ನೋಡುತ್ತಿದ್ದ ಎಂದು ಅವನಿಗೆ ಗೊತ್ತಿರಲಿಲ್ಲ.

ಜೀಪು ತಿರುವಿನಲ್ಲಿ ಬಂದು ನಿಂತಿತು. ಇನ್‌ಸ್ಪೆಕ್ಟರ್ ಜಿಗಿದಿಳಿದ, ಕಟ್ಟಿಹಾಕಿದ ಕಂಪೌಂಡರನ್ನು ನೋಡಿದ, ನನ್ನ ಕತ್ತು ನೋಡಿದ, ಬಿದ್ದಿದ್ದ ಬ್ಲೇಡು ನೋಡಿದ. ದಡ್ಡನಲ್ಲ, ಕೈ ಬೇಗ ಓಡುವವನು ಅಷ್ಟೇ.

"ಇವನಾ?"

"ಇವನೇ ಬ್ರೇಕಿಗೆ ಗಾಳಿ ತುಂಬಿದ್ದು," ಎಂದೆ. "ಬಾಯಿ ಬಿಟ್ಟಿದ್ದಾನೆ."

"ರೆಕಾರ್ಡ್ ಆಗಿದ್ಯಾ?"

ನನ್ನ ಕೈ ಜಾಕೆಟಿನ ಜೇಬಿಗೆ ಹೋಗಿತ್ತು, ಅದನ್ನು ಅವನು ನೋಡಿದ್ದ. ಆ ಫೋನು ಇನ್ನೂ ಕೇಳಿಸಿಕೊಳ್ಳುತ್ತಲೇ ಇತ್ತು. ಭಾನುವಾರದ ಸಿರಿಂಜೂ ಅದರಲ್ಲಿತ್ತು, ಮಂಗಳವಾರದ ಹತ್ತು ನಿಮಿಷವೂ ಅದರಲ್ಲಿತ್ತು.

ಇನ್‌ಸ್ಪೆಕ್ಟರ್ ಅಂಗೈ ಚಾಚಿದ. ಬೆಳಿಗ್ಗೆ ಹೊಡೆದ ಅದೇ ಕೈ, ಬೆರಳ ಗೆಣ್ಣುಗಳು ಇನ್ನೂ ಊದಿಕೊಂಡಿದ್ದವು.

"ಕೊಡಿ ಮೇಡಮ್. ಇಲ್ಲೇ ಕೇಳ್ತೀನಿ. ಸರಿ ಇದ್ರೆ ನಿಮ್ಮ ತಮ್ಮನ ಕೈಬೇಡಿ ಈಗಲೇ ಬಿಚ್ಚಿಸ್ತೀನಿ."

ಕಂಪೌಂಡರು ಚಕ್ರಕ್ಕೆ ಒರಗಿಕೊಂಡು ಮೆಲ್ಲಗೆ ನಗುತ್ತಿದ್ದ.

ಜೀಪಿನ ಹಿಂದಿನ ಸೀಟಿನಲ್ಲಿ ಇಬ್ಬರು ಕಾನ್ಸ್‌ಟೇಬಲ್‌ಗಳ ನಡುವೆ ನನ್ನ ತಮ್ಮ ಕೂತಿದ್ದ, ಊದಿದ ತುಟಿ, ಮಡಿಲಲ್ಲಿ ಬೇಡಿ ಹಾಕಿದ ಕೈ. ನನ್ನ ಕತ್ತಿನಿಂದ ರಕ್ತ ಇಳಿಯುತ್ತಿತ್ತು. ಅವನು ಅದನ್ನು ನೋಡಲಿಲ್ಲ. ನನ್ನ ಎಡಗೈಯಲ್ಲಿ ಬೆಳಗುತ್ತಿದ್ದ ಅವನ ಫೋನನ್ನು ನೋಡುತ್ತಿದ್ದ.

ಆಮೇಲೆ ಕಣ್ಣೆತ್ತಿ ನನ್ನ ಮುಖ ನೋಡಿ, ಕೊಡಬೇಡ ಎಂಬಂತೆ ತಲೆಯಾಡಿಸಿದ.